ಕೊಡಗಿನ ಕತ್ತಿಗಳು: ಹೆಸರು ಮತ್ತು ಗುರುತು

ಹಳೆಯ ಕತ್ತಿಗಳ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಹೀಗಾಗಿ ಕೊಡಗಿನ ಆಯುಧಗಳ ಅಧ್ಯಯನಕ್ಕೆ ಕಾಲ ಖಚಿತವಾಗಿರುವ ಒಂದು ಪದಕ ವಿಶೇಷವಾಗಿ ನೆರವಾಗುತ್ತದೆ. 1837ರ ಅಮರ ಸುಳ್ಯದ ದಂಗೆಯನ್ನು ಅಡಗಿಸುವಲ್ಲಿ ತನ್ನ ಪಕ್ಷ ವಹಿಸಿದ ಕೊಡಗಿನವರಿಗೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕವದು. ಕತ್ತಿಯೆತ್ತಿ ನಿಂತ ಕೊಡವ ಯೋಧನ ಚಿತ್ರ ಅದರಲ್ಲಿದೆ. ಬರಹ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಅದೇ ದಂಗೆಗಾಗಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರೂ ಈ ನೆಲದವರೇ. ಪದಕ ನೆನಪಿಸುವುದು ಒಂದು ಪಕ್ಷವನ್ನು ಮಾತ್ರ ಎಂಬುದನ್ನು ಆಯುಧತಜ್ಞರು ಅಷ್ಟಾಗಿ ಗಮನಿಸಿಲ್ಲ.

ಯೋಧನ ಕೈಯಲ್ಲಿರುವುದು ಒಡಿಕತ್ತಿ. ಅಗಲವಾದ ಅಲಗು ಮುಂದಕ್ಕೆ ಬಾಗಿರುತ್ತದೆ. ಹರಿತವಿರುವುದು ಬಾಗಿನ ಒಳಮೈಯಲ್ಲಿ. ಕೈಕಾಪು ಇಲ್ಲ, ಹಿಡಿಯ ತುದಿ ಚಪ್ಪಟೆಯಾಗಿ ಅರಳಿರುತ್ತದೆ. ಸಂಗ್ರಾಹಕರ ಪಟ್ಟಿಗಳಲ್ಲಿ ಇದು 'ಅಯ್ದ ಕತ್ತಿ', ಕೆಲವೆಡೆ 'ಅದ್ಯ ಕತ್ತಿ' ಎಂದು ಕಾಣಿಸಿಕೊಳ್ಳುತ್ತದೆ. ಮೂಲ 'ಆಯುಧ ಕತ್ತಿ' ಎಂದು ಕನ್ನಡ ಬಲ್ಲವರಿಗೆ ಒಡನೆಯೇ ಹೊಳೆಯುತ್ತದೆ. ಎರಡನೆಯ ರೂಪದಲ್ಲಿ ಅಕ್ಷರಗಳು ಸ್ಥಾನ ಬದಲಿಸಿವೆ, ಅಷ್ಟೆ. ಆದರೂ ತಪ್ಪು ಗ್ರಂಥದಿಂದ ಗ್ರಂಥಕ್ಕೆ ಸಾಗಿ ಹರಾಜಿನ ಪಟ್ಟಿಗಳಲ್ಲಿ ನೆಲೆಯೂರಿತು.

ಹೆಸರಿಗಿಂತಲೂ ತೊಡಕಾಗಿರುವುದು ಊರಿನ ನಿರ್ಣಯ. ಮಲಬಾರಿನಲ್ಲಿಯೂ ಒಳಬಾಗಿನ ಕತ್ತಿಗಳಿದ್ದವು. ಅಲಗೊಂದನ್ನೇ ನೋಡಿ ಇದು ಕೊಡಗಿನದು, ಇದು ಮಾಪ್ಪಿಳ್ಳೆಯರದು ಎಂದು ವಿಂಗಡಿಸುವುದು ದುಡುಕು. ಇಲ್ಲಿ ನೆರವಿಗೆ ಬರುವುದು ತೋಡಂಗ್. ಒಡಿಕತ್ತಿಯನ್ನು ಒರೆಯಲ್ಲಿಡದೆ, ಸೊಂಟಪಟ್ಟಿಗೆ ಹಿಂಬದಿಯಲ್ಲಿ ಸೇರಿಸಿದ ಈ ಲೋಹದ ಕೊಂಡಿಗೆ ಸಿಕ್ಕಿಸುತ್ತಿದ್ದರು. ಕತ್ತಿಯನ್ನಷ್ಟೇ ಕೊಂಡು ತೋಡಂಗನ್ನು ಬಿಟ್ಟುಬಂದ ಸಂಗ್ರಾಹಕ ತನ್ನ ಸಾಕ್ಷ್ಯದ ಅರ್ಧವನ್ನು ಕಳೆದುಕೊಂಡಂತೆಯೇ. ಪೀಚೆಕತ್ತಿಯ ಮಾತು ಬೇರೆ. ಕುಪ್ಯದ ಮೇಲೆ ಕಟ್ಟಿದ ಚೇಲೆಯಲ್ಲಿ ಮುಂಬದಿಗೆ ಸಿಕ್ಕಿಸುವ ಈ ಕಿರುಗತ್ತಿಗೆ ಒರೆಯುಂಟು, ಬೆಳ್ಳಿಯ ಕಟ್ಟುಂಟು, ಸರಪಣಿಯುಂಟು. ಇಂಗ್ಲಿಷ್ ಬರಹಗಳ 'ಪಿಚಂಗತ್ತಿ' ಇದೇ.

ವಸ್ತುಗಳ ಜೊತೆಗೆ ಬಳಕೆಯೂ ಉಳಿದಿರುವುದು ಸಂಶೋಧಕರ ಭಾಗ್ಯ. 1857ರ ಬಳಿಕ ಬೇರೆಡೆ ಜನರ ಆಯುಧಗಳನ್ನು ಕಸಿಯುತ್ತಿದ್ದಾಗ, 1861ರ ಫೆಬ್ರುವರಿ 26ರಂದು ಕಮಿಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ನಿರಾಯುಧೀಕರಣ ಕಾಯಿದೆಯಿಂದ ವಿನಾಯಿತಿ ಘೋಷಿಸಿದರು. ಕೋವಿಗೆ ಸಂಬಂಧಿಸಿದ ವಿನಾಯಿತಿಯನ್ನು ಭಾರತ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಹೀಗಾಗಿ ಐನ್‌ಮನೆಗಳಲ್ಲಿ ಆಯುಧಗಳು ಉಳಿದವು. ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್‌ನಲ್ಲಿ ಅವುಗಳಿಗೆ ತೋಕ್‌ಪೂ ಏರಿಸಿ ಪೂಜಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದಲೇ ಕಡಿಯುತ್ತಾರೆ. ವಿದೇಶದ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ 'ದಕ್ಷಿಣ ಭಾರತ' ಎಂಬ ಚೀಟಿಯಷ್ಟನ್ನೇ ಹೊತ್ತ ಕತ್ತಿಯನ್ನು ಗುರುತಿಸಬೇಕಾದವರು ಮೊದಲು ಇಂಥದೊಂದು ಮದುವೆಯ ಅಂಗಳದಲ್ಲಿ ನಿಂತು, ಕಡಿಯುವ ಕೈ ಹಿಡಿಯನ್ನು ಹೇಗೆ ಹಿಡಿಯುತ್ತದೆಂದು ನೋಡಿಕೊಳ್ಳಬಹುದು.