ಕಲ್ಯಾಣದ ಮರುವಶ ಮತ್ತು ಮಧುಕೇಶ್ವರ ದೇಗುಲದ ಶಾಸನ

ಪುಣ್ಯನಗರಿಯ ಮರುವಶ ಎಂದೊಡನೆ ಮಧ್ಯಯುಗದ ಅಭ್ಯಾಸಿಗಳಿಗೆ ನೆನಪಾಗುವುದು ಜೆರುಸಲೇಮ್. 1099ರಲ್ಲಿ ಕ್ರೈಸ್ತ ಧರ್ಮಯೋಧರ ವಶವಾಗಿದ್ದ ಆ ನಗರವನ್ನು ಸುಲ್ತಾನ ಸಲಾಹುದ್ದೀನನು 1187ರ ಅಕ್ಟೋಬರ್ 2ರಂದು ಮರಳಿ ಪಡೆದನು. ಅಕ್ಸಾ ಮಸೀದಿಯಲ್ಲಿ ನಮಾಜು ಪುನರಾರಂಭವಾಯಿತು; ಯೇಸುವಿನ ಸಮಾಧಿಯ ಮೇಲಿನ ಇಗರ್ಜಿಯನ್ನು ಕೆಡವದೆ ಉಳಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಸಮೀಪದ, ಆದರೆ ಸ್ವಭಾವದಲ್ಲಿ ಬೇರೆಯಾದ ನಿದರ್ಶನ ಕಲ್ಯಾಣದ್ದು.

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಚಾಲುಕ್ಯರ ರಾಜಧಾನಿಯಾಗಿದ್ದ ಈ ನಗರ ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರ ನೆಲೆಯಾಗಿ ಪಾವಿತ್ರ್ಯ ಪಡೆಯಿತು. ಸೇವುಣರ ಪತನಾನಂತರ ಅದು ದೆಹಲಿಯ ಆಳ್ವಿಕೆಗೆ ಸೇರಿತು. ಮುಂದೆ ಮಹಮ್ಮದ್ ಬಿನ್ ತುಘಲಕನ ಬಂಧುವೂ ಸಗರ ಪ್ರಾಂತದ ಅಧಿಕಾರಿಯೂ ಆಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ಸುಲ್ತಾನನ ವಿರುದ್ಧ ದಂಗೆಯೆದ್ದನು. ಕಲ್ಯಾಣದ ಗಲಭೆಯು ಈ ದಂಗೆಗೆ ಸಂಬಂಧಿಸಿದ್ದೆಂದು ಊಹಿಸಲು ಸಾಕಷ್ಟು ಅವಕಾಶವಿದೆ. ಆ ಗಲಭೆಯಲ್ಲಿ ಮಧುಕೇಶ್ವರ ಲಿಂಗಕ್ಕೆ ಭಂಗವುಂಟಾಗಿ ಪೂಜೆ ನಿಂತಿತು.

ಶಕ 1248, ಅಂದರೆ ಕ್ರಿ.ಶ. 1326ರ ಸಂಸ್ಕೃತ ಶಾಸನವೊಂದು ಮುಂದಿನ ಸಂಗತಿಯನ್ನು ತಿಳಿಸುತ್ತದೆ. ವಿದ್ವಾಂಸ ಪಿ.ಬಿ. ದೇಸಾಯಿಯವರು ಪ್ರಕಟಿಸಿದ ಈ ಶಾಸನದಲ್ಲಿ ಸುಲ್ತಾನನಿಗೆ ಮಹಾರಾಜಾಧಿರಾಜನೆಂಬ ಬಿರುದಿದೆ. ನಗರದಲ್ಲಿ ತುಘಲಕರ ಅಧಿಕಾರ ಮತ್ತೆ ನೆಲೆಗೊಂಡ ಮೇಲೆ ದೇಗುಲದ ಕಡೆಯವರು ಅಲ್ಲಿನ ಆಡಳಿತಾಧಿಕಾರಿ ಖ್ವಾಜಾ ಅಹಮದನಲ್ಲಿ ಬಿನ್ನವಿಸಿಕೊಂಡರು. ಅವನ ಅನುಮತಿಯಿಂದ ಲಿಂಗದ ಪುನಃಪ್ರತಿಷ್ಠೆ ನಡೆದು ಪೂಜೆ ಮುಂದುವರಿಯಿತು. ಜೆರುಸಲೇಮಿನಲ್ಲಿ ವಿಜೇತನು ಮುಖ್ಯವಾಗಿ ಮರುಸ್ಥಾಪಿಸಿದ್ದು ತನ್ನ ಧರ್ಮದ ಆರಾಧನೆಯನ್ನು; ಇಲ್ಲಿ ಪುನಃ ಆರಂಭವಾದುದು ಪ್ರಜೆಗಳ ಆರಾಧನೆ.

ಇದನ್ನು ಸರ್ವಧರ್ಮ ಸಮಭಾವವೆಂದು ಕೊಂಡಾಡುವುದು ಅವಸರದ ಮಾತಾದೀತು. ಇದೇ ಮಹಮ್ಮದನು ಯುವರಾಜನಾಗಿದ್ದಾಗ, 1323ರಲ್ಲಿ ವಾರಂಗಲ್ಲನ್ನು ಗೆದ್ದನು. ಆಗ ಕಾಕತೀಯರ ಸ್ವಯಂಭೂ ಶಿವಾಲಯ ಧ್ವಂಸವಾಯಿತು. ಎರಡೂ ಶಿವಾಲಯಗಳೇ. ಆದರೆ ವಾರಂಗಲ್ಲಿನದು ಸೋತ ಅರಸುಮನೆತನದ ಪ್ರಭುತ್ವದ ಗುರುತು. ಕಲ್ಯಾಣದ್ದು ಈಗಾಗಲೇ ಸುಲ್ತಾನನ ಪ್ರಜೆಗಳಾಗಿದ್ದವರ ಪೂಜಾಸ್ಥಾನ. ಅದನ್ನು ರಕ್ಷಿಸದಿದ್ದರೆ ದಂಗೆಯನ್ನು ಅಡಗಿಸಿದೆವೆಂಬ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಕೇವಲ ಪಾರಸಿ ಬಖೈರುಗಳನ್ನೇ ನೆಚ್ಚಿದ ಇತಿಹಾಸಕಾರರಿಗೆ ಈ ಭೇದ ಅಷ್ಟಾಗಿ ಕಾಣದು. ಅವು ದಂಡಯಾತ್ರೆಗಳನ್ನು ವರ್ಣಿಸುತ್ತವೆ, ಊರೊಂದರ ಬಿನ್ನಹವನ್ನಲ್ಲ.

ಗುರ್ಶಾಸ್ಪನು ಕಂಪಿಲಿಗೆ ಓಡಿಹೋದನು. ಅವನಿಗೆ ಆಶ್ರಯವಿತ್ತ ಕಂಪಿಲದೇವನು ಹೋರಾಡಿ ಮಡಿದನು. ಹೊಯ್ಸಳ ಮೂರನೆಯ ಬಲ್ಲಾಳನು ಅವನನ್ನು ಸುಲ್ತಾನನ ಸೇನೆಗೆ ಒಪ್ಪಿಸಿದನು.