ಬೇಟೆಯ ಗುಂಡು

ಕೋವಿ ಹಿಡಿದು ಕಾಡಿಗೆ ಹೋದವನು ನಾನಲ್ಲ. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಡುವ ಭಾಗವನ್ನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದವನು, ಅಷ್ಟೆ. ನಿವೃತ್ತನಾದ ಮೇಲೆ ಒಮ್ಮೆ, ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳ ಮಾತು ಬಂದಾಗ, ಆ ಬೇಟೆಗಾರನ 405 ವಿಂಚೆಸ್ಟರ್ ರೈಫಲನ್ನು ಹೊಗಳಿದೆ. ಎದುರಿಗೆ ಕುಳಿತಿದ್ದ ನನ್ನ ಹಳೆಯ ವಿದ್ಯಾರ್ಥಿ, ಮಲೆನಾಡಿನ ರೈತಮನೆತನದವನು, ಮೆಲ್ಲನೆ ಹೇಳಿದ: "ಎಲ್ಲರೂ ಕೋವಿಯ ಹೆಸರನ್ನೇ ಹೇಳುತ್ತಾರೆ ಸಾರ್. ಪ್ರಾಣಿಯನ್ನು ಮುಟ್ಟುವುದು ಗುಂಡು ಮಾತ್ರ." ಆ ಮಾತು ನನ್ನನ್ನು ಹಳೆಯ ಶಿಕಾರಿ ಗ್ರಂಥಗಳತ್ತ ಎಳೆಯಿತು.

ಮೈಸೂರು ಸೀಮೆಯಲ್ಲಿ ಸೇವೆಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿದವರು. ಇಲ್ಲಿ ಕಳೆದ ಹದಿಮೂರು ವರ್ಷಗಳ ಅನುಭವವನ್ನು 1878ರಲ್ಲಿ ಪುಸ್ತಕವಾಗಿಸಿದರು. ಅವರ ಕಾಲದಲ್ಲಿ ಕೋವಿಯನ್ನು ಬೋರಿನ ಲೆಕ್ಕದಲ್ಲಿ ಗುರುತಿಸುತ್ತಿದ್ದರು. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳನ್ನು ಎರೆಯಬಹುದೋ ಅದೇ ಬೋರಿನ ಸಂಖ್ಯೆ. ಸಂಖ್ಯೆ ಇಳಿದಷ್ಟೂ ಗುಂಡು ಹಿರಿದು. ಹನ್ನೆರಡು ಬೋರಿನದು ಸುಮಾರು 38 ಗ್ರಾಂ, ಎಂಟರದು 57, ನಾಲ್ಕರದು 113. ಸ್ಯಾಮ್ಯುಯೆಲ್ ಬೇಕರನ ಬಳಿ ಅರ್ಧ ಪೌಂಡಿನ ಗುಂಡು ಹಾರಿಸುವ ಒಂದು ಕೋವಿಯಿತ್ತು. ಅದಕ್ಕೆ ಆತ ಇಟ್ಟ ಹೆಸರು "ಬೇಬಿ"! ಕರಿಮದ್ದು ಗುಂಡಿಗೆ ಹೆಚ್ಚು ವೇಗ ಕೊಡಲಾರದು. ಭಾರ ಹೆಚ್ಚಿಸುವುದೊಂದೇ ಆಗ ಉಳಿದಿದ್ದ ದಾರಿ.

ಆದರೆ ಭಾರವೊಂದರಿಂದಲೇ ಕೆಲಸ ಕೈಗೂಡಲಿಲ್ಲ. ಆನೆಯ ತಲೆಬುರುಡೆಯನ್ನು ತೂರಿಹೋಗಬೇಕಾದ ಗುಂಡು ಗಟ್ಟಿಯಾಗಿರಬೇಕು; ಮೆದು ಸೀಸ ಅಲ್ಲಿ ಚಪ್ಪಟೆಯಾಗಿಬಿಡುತ್ತದೆ. ಹುಲಿಯ ದೇಹವಾದರೋ ಮೃದು. ಅತಿ ಗಟ್ಟಿಯಾದ ಗುಂಡು ಅದನ್ನು ಸೂಜಿಯಂತೆ ತೂರಿ ಆಚೆ ಹೋದರೆ, ಹುಲಿ ಗಾಯಗೊಂಡು ಪೊದೆ ಸೇರುತ್ತದೆ. ತುದಿಯಲ್ಲಿ ಪೊಳ್ಳಾದ, ವೇಗದ ಎಕ್ಸ್‌ಪ್ರೆಸ್ ಗುಂಡುಗಳು ಬಂದಾಗ ಅನೇಕರು ಹಿಗ್ಗಿದರು. ಬೇಕರ್ ಹಿಗ್ಗಲಿಲ್ಲ. ಅವು ಒಳಗೆ ಇಳಿಯುವ ಮೊದಲೇ ಚೂರಾಗುತ್ತವೆ ಎಂಬುದು 1890ರ ಪುಸ್ತಕದಲ್ಲಿ ಆತನ ಆಕ್ಷೇಪ. ಅಣಬೆಯಂತೆ ಅರಳಿಯೂ ಒಡೆಯದೆ ಉಳಿಯುವ ಶುದ್ಧ ಸೀಸದ ಘನಗುಂಡೇ ಹುಲಿಗೆ ತಕ್ಕದ್ದೆಂದು ಆತನ ಅಭಿಪ್ರಾಯ.

ಅಷ್ಟರಲ್ಲಿ ಹೊಗೆಯಿಲ್ಲದ ಮದ್ದು ಬಂದಿತ್ತು. ಅದರ ವೇಗಕ್ಕೆ ಬರಿಯ ಸೀಸ ನಳಿಗೆಯ ತಿರುಚುಗೀರುಗಳಲ್ಲಿ ನಿಲ್ಲಲಾರದು. ಮೇಲೊಂದು ಗಟ್ಟಿ ಲೋಹದ ಕವಚ ಬೇಕು. ಕವಚ ತೊಟ್ಟ 303 ಗುಂಡು ಗಡಿನಾಡಿನ ಯುದ್ಧದಲ್ಲಿ ಎದುರಾಳಿಯನ್ನು ತಡೆದು ನಿಲ್ಲಿಸುತ್ತಿಲ್ಲವೆಂದು ಸೈನ್ಯ ದೂರಿತು. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆ ಕವಚದ ತುದಿಯನ್ನು ಬಿಚ್ಚಿ ಸೀಸವನ್ನು ಹೊರಗಾಣಿಸಿತು. ಗುಂಡು ದೇಹದೊಳಗೆ ಅರಳತೊಡಗಿತು. 1899ರ ಹೇಗ್ ಘೋಷಣೆ ಅಂಥ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಇಲ್ಲಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಮನುಷ್ಯನ ಮೇಲೆ ಕ್ರೂರವೆನಿಸಿದ ಅದೇ ಗುಂಡು ಬೇಟೆಯಲ್ಲಿ ದಯೆಯೆನಿಸಿತು. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆಯಂತೆ, ರೈಫಲಿನಿಂದ ಜಿಂಕೆ ಹೊಡೆಯುವವರು ಮೆದು ಮೂತಿಯ ಅಥವಾ ಪೊಳ್ಳು ಮೂತಿಯ ಗುಂಡನ್ನೇ ಬಳಸತಕ್ಕದ್ದು!

ಇದು ಬರಿಯ ತರ್ಕವಲ್ಲ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಬಲಿತೆಗೆದುಕೊಂಡಿತ್ತೆಂದು ಲೆಕ್ಕ. ಸತ್ತ ಹುಲಿಯ ಬಾಯಿ ತೆರೆದು ನೋಡಿದರೆ ಬಲಭಾಗದ ಕೋರೆಹಲ್ಲುಗಳು ಮುರಿದಿದ್ದವು. ಅದು ಹಳೆಯ ಗುಂಡಿನ ಪೆಟ್ಟು. ಕೊಲ್ಲದೆ ಹೋದ ಆ ಒಂದು ಈಡಿನ ಬೆಲೆಯನ್ನು ತೆತ್ತವರು ನೇಪಾಳ ಮತ್ತು ಕುಮಾಂವ್‌ನ ಹಳ್ಳಿಗರು.

ಗುರಿಯ ಮಾತನ್ನೂ ಹೇಳಬೇಕು. ಆಫ್ರಿಕದಲ್ಲಿ ಡಬ್ಲ್ಯು.ಡಿ.ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಬಹುಪಾಲನ್ನು ಏಳು ಮಿಲಿಮೀಟರಿನ, ಸುಮಾರು 11 ಗ್ರಾಂ ತೂಕದ ಪೂರ್ಣಕವಚದ ಗುಂಡಿನಿಂದ. ಸ್ಯಾಂಡರ್ಸನ್ನರ ಕಾಲದ ನಾಲ್ಕು ಬೋರಿನ ಹತ್ತನೆಯ ಒಂದು ಪಾಲು! ಆನೆಯ ಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳಿನ ನೆಲೆಯನ್ನು ಆತ ಕಣ್ಣಾರೆ ಕಂಡುಕೊಂಡಿದ್ದ. ನನಗೆ ಈ ಲೆಕ್ಕ ಅಸಹ್ಯ ತರುತ್ತದೆ. ಆತನ ಅಭ್ಯಾಸದ ಶ್ರದ್ಧೆಯನ್ನು ಮಾತ್ರ ಅಲ್ಲಗಳೆಯಲಾರೆ. ಆ ಶ್ರದ್ಧೆಯಿಲ್ಲದವನ ಕೈಗೆ ಆ ಚಿಕ್ಕ ಗುಂಡು ಸಿಕ್ಕಿದರೆ ಆನೆಗೆ ಬರಿಯ ನೋವು.

ತೂರುವಿಕೆ, ಅರಳುವಿಕೆ ಎರಡನ್ನೂ ಒಂದೇ ಗುಂಡಿನಲ್ಲಿ ಕೂಡಿಸಿದವನು ಅಮೆರಿಕದ ಜಾನ್ ನಾಸ್ಲರ್. 1946ರಲ್ಲಿ ಕೆನಡದಲ್ಲಿ ಮೂಸ್ ಎಂಬ ಹಿರಿಯ ಜಿಂಕೆಗೆ ಹೊಡೆದ ಗುಂಡುಗಳು ಮೇಲ್ಮೈಯಲ್ಲೇ ಚೂರಾದವು. ಊರಿಗೆ ಮರಳಿ ಆತ ಗುಂಡಿನ ನಡುವೆ ಲೋಹದ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಅರ್ಧ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಿಂದ ಅದು ಮಾರಾಟಕ್ಕೆ ಬಂತು.

ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಶಿಕಾರಿಗೆ ತೆರೆಯೆಳೆಯಿತು. ಬೇಟೆ ಉಳಿದಿರುವ ಕಡೆ ಈಗ ಸೀಸದ ಮೇಲೆಯೇ ಆಪಾದನೆ. ಬೇಟೆಗಾರ ಬಿಟ್ಟುಹೋದ ಕರುಳಿನಲ್ಲಿನ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯದ ಕಾಂಡರ್ ಹದ್ದುಗಳು ಸಾಯುತ್ತಿದ್ದವು. ಅಲ್ಲಿ 2019ರ ಜುಲೈನಿಂದ ಎಲ್ಲ ಬೇಟೆಗೂ ಸೀಸದ ಗುಂಡು ನಿಷಿದ್ಧ. ಅದರ ಬದಲು ಬಂದಿರುವುದು ಇಡಿಯ ತಾಮ್ರದ, ಹೂವಿನ ದಳಗಳಂತೆ ಬಿರಿಯುವ ಗುಂಡು.