ಹಳೇ ಫೋರ್ಡ್ ಗಾಡಿ, ಹರೇದ ಹುಡುಗೂರು ಮತ್ತ "ಸಂಪ್ರದಾಯ" ಅನ್ನೋ ಮಾತು

ಅಕ್ಕಾರ, ವೈನಿಯವರ, ಮಗ್ಗಲ ಮನಿ ಗೆಳತೇರ, ಈ ಸಲ ಅಡಗಿಮನಿ ಬಿಟ್ಟು ಮೋಟಾರಿನ ಸುದ್ದಿ ಬರೀಲಿಕ್ಕೆ ಹತ್ತೀನಿ. "ಇಕಿಗೇನಾತು" ಅನಬ್ಯಾಡ್ರಿ, ಪೂರಾ ಓದ್ರಿ. ಇದರಾಗ ಒಬ್ಬಾಕಿ ಹೆಣ್ಣಮಗಳ ಸುದ್ದಿನೂ ಅದ.

ಅಮೆರಿಕಾದಾಗ ಹಾಟ್ ರಾಡ್ ಅಂತ ಕರೀತಾರ ನೋಡ್ರಿ, ಮುಂದಿನ ಗಾಲಿ ಸಣ್ಣು, ಹಿಂದಿನ ಗಾಲಿ ದೊಡ್ಡು, ಮಡ್‌ಗಾರ್ಡ್ ಇಲ್ಲದ್ದು, ನೆಲಕ್ಕ ಕುಂತಂಗ ಕಾಣೋ ಹಳೇ ಗಾಡಿ. ಕ್ಯಾಲಿಫೋರ್ನಿಯಾದಾಗ ಮಗಳ ಮನಿಯೊಳಗ ಆರು ತಿಂಗಳು ಇದ್ದಾಗ ಇಂಥಾವು ಭಾಳ ಕಣ್ಣಿಗೆ ಬಿದ್ದುವು. ಇವನ್ನ ಸಾಕಿದವರೊಳಗ ಒಂದು ದೊಡ್ಡ ಜಗಳ ಅದ. ಯಾವುದು ಖರೇ ಸಂಪ್ರದಾಯದ್ದು, ಯಾವುದು ಬರೇ ವೇಷ? ನಮ್ಮಲ್ಲೆ ಹೋಳಿಗಿಗೆ ಕಡ್ಲಿಬ್ಯಾಳಿನೋ ತೊಗರಿಬ್ಯಾಳಿನೋ ಅಂತ ಆಡ್ತಾರಲ್ಲ, ಅದಕ್ಕಿಂತ ಜೋರು.

ಕಥಿ ಹೆನ್ರಿ ಫೋರ್ಡ್‌ನಿಂದ ಸುರು. 1908ರಿಂದ 1927ರ ತನಕ ಅಂವ ಮಾಡಲ್ ಟಿ ಅನ್ನೋ ಒಂದ ನಮೂನಿ ಗಾಡಿ ಒಂದೂವರೆ ಕೋಟಿ ಮಾಡಿದ. ಅಷ್ಟು ಗಾಡಿ ಅಂದ್ರ ಮುಂದ ಗುಜರಿನೂ ಅಷ್ಟ. ಆಮ್ಯಾಲೆ ಮಾಡಲ್ ಎ ಬಂತು. 1932ರೊಳಗ, ಮಂದಿ ಕೈಯಾಗ ರೊಕ್ಕ ಇಲ್ಲದ ಕಾಲದಾಗ, ಸಾದಾ ಮಂದಿಗೆ ಎಟುಕೋ ಬೆಲೆಗೆ ಎಂಟು ಸಿಲಿಂಡರಿನ ವಿ-8 ಇಂಜಿನ್ ಕೊಟ್ಟ. 65 ಹಾರ್ಸ್ ಪವರ್. ಈಗ ನಮ್ಮ ಓಣ್ಯಾಗಿನ ಸಣ್ಣ ಕಾರಿನೊಳಗೂ ಅಷ್ಟಿರ್ತದ, ಆದ್ರ ಆಗ ಅದು ಸಣ್ಣ ಮಾತಲ್ಲ.

ಲಾಸ್ ಏಂಜಲೀಸ್‌ದಿಂದ ಉತ್ತರಕ್ಕ ಗುಡ್ಡ ದಾಟಿದ್ರ ಮೊಹಾವಿ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಅಂತ ಒಣಗಿದ ಕೆರಿ ಅವ. ಥಂಡಿ ದಿನದಾಗ ಮಳಿ ಬಂದ್ರ ನೀರು ನಿಂತು ಕೆಸರಾಗ್ತದ, ಬ್ಯಾಸಗಿಗೆ ಒಣಗಿ ಗಚ್ಚಿನ ನೆಲದಂಗ ಸಪಾಟ ಆಗ್ತದ. ಹುಡುಗೂರು ವಾರದ ಕೊನೀಗೆ ಗಾಡಿ ತೊಗೊಂಡು ಅಲ್ಲಿಗೆ ಹೋಗಿ, ಯಾರದು ಎಷ್ಟು ಓಡ್ತದ ಅಂತ ನೋಡ್ತಿದ್ರು. ಧೂಳಿನಾಗ ಡಿಕ್ಕಿ ಹೊಡದು ಸತ್ತವರೂ ಇದ್ರು. ಹಿಂಗ ಬಿಟ್ರ ಆಗೂದಿಲ್ಲ ಅಂತ 1937ರೊಳಗ ಕ್ಲಬ್ಬಿನವರೆಲ್ಲ ಕೂಡಿ ಎಸ್‌ಸಿಟಿಎ ಅನ್ನೋ ಸಂಘ ಮಾಡಿಕೊಂಡು, ನೇಮ ಹಾಕಿ, ಟೈಮ್ ಹಿಡದು ಓಡಿಸಿದ್ರು.

ಈಗ ನಾವು "ಏನ್ ಚಂದ ಅದ" ಅಂತ ನೋಡೋ ಒಂದೊಂದಕ್ಕೂ ಆಗ ಕಾರಣ ಇತ್ತು. ಮಡ್‌ಗಾರ್ಡ್ ತಗದ್ದು ಭಾರ ಕಡಿಮಿ ಆಗಲಿ ಅಂತ. ಟಾಪು ಕೊಯ್ದು ಗಿಡ್ಡ ಮಾಡಿದ್ದು ಗಾಳಿಗೆ ಅಡ್ಡ ಬರಬಾರದಂತ. ಹಿಂದಿನ ಗಾಲಿ ದೊಡ್ಡದ್ಯಾಕ ಅಂದ್ರ, ಒಂದು ಸುತ್ತಿಗೆ ಹೆಚ್ಚು ನೆಲ ದಾಟ್ತದ, ಇಂಜಿನ್ ಅಷ್ಟ ತಿರುಗಿದ್ರೂ ಗಾಡಿ ಜೋರು ಓಡ್ತದ. ಫೋರ್ಡಿನ ಆ ವಿ-8 ಇಂಜಿನ್ನಿನ ಬಿಸಿ ಹೊಗಿ ಹೊರಗ ಬೀಳೋ ದಾರಿ ಇಂಜಿನ್ನಿನ ಹೊಟ್ಟಿಯೊಳಗ, ನೀರಿನ ಮಗ್ಗಲಕ್ಕ ಹಾದು ಹೋಗ್ತದ. ಅದಕ್ಕ ಅದು ಕಾಯೋದು ಭಾಳ. ಬಾನೆಟ್ಟಿಗೆ ಸಾಲಾಗಿ ಸೀಳು ಹೊಡೀತಿದ್ದದ್ದು ಕಾವು ಹೊರಗ ಹೋಗಲಿ ಅಂತ, ಸಿಂಗಾರಕ್ಕಲ್ಲ. ಬ್ರೇಕಿನ ಮಾತು ಕೇಳ್ರಿ: ಫೋರ್ಡ್ ಗಾಡಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದ 1939ಕ್ಕ. ಆ ಮ್ಯಾಲಿನ ಗಾಡಿ ಒಡದು ಗುಜರಿಗೆ ಬಂದ್ರ ಸಾಕು, ಅದರ ಬ್ರೇಕ್ ಬಿಚ್ಚಿ ತಂದು 1932ರ ಗಾಡಿಗೆ ಕೂಡಿಸೋರು. ಬೂದಿ ಬಣ್ಣದ ಪ್ರೈಮರ್ ಒಂದನ್ನ ಬಡದು ತಿರುಗಿಸ್ತಿದ್ದದ್ದು ಮ್ಯಾಲಿನ ಬಣ್ಣಕ್ಕ ರೊಕ್ಕ ಸಾಲದಕ್ಕ. ಮುಂದ ರೊಕ್ಕ ಬಂದಾಗ ಹಚ್ಚೋಣಂತ.

ಇನ್ನ ನಾ ಹೇಳಿದ ಹೆಣ್ಣಮಗಳು. ವೀಡಾ ಆರ್ ಅಂತ ಹೆಸರು. ಗಂಡ ಕಾರ್ಲ್ ಆರ್ ಕಲ್ವರ್ ಸಿಟಿಯೊಳಗ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದ. ಎಸ್‌ಸಿಟಿಎದವರು ಗಂಡಸರ ಜೋಡಿ ಓಡಿಸಲಿಕ್ಕೆ ಬಿಟ್ಟ ಮೊದಲನೇ ಹೆಂಗಸು ಇಕೀನ ಅಂತಾರ. 1932ರ ತೆರದ ಫೋರ್ಡ್ ತಾನ ಓಡಿಸ್ತಿದ್ಳು. ಆದ್ರ ನನಗ ಇದಕ್ಕಿಂತ ಮತ್ತೊಂದು ದೊಡ್ಡದು ಅನಸ್ತದ. ಯುದ್ಧ ಬಂತು, 1942ರೊಳಗ ಹೊಸಾ ಕಾರು ಮಾಡೋದ ನಿಂತ್ಹೋತು, ಮ್ಯೂರಾಕ್ ಕೆರಿ ಸೈನ್ಯದ ವಿಮಾನದವರ ಕೈಗೆ ಹೋತು, ಹುಡುಗೂರೆಲ್ಲ ಸಮುದ್ರದಾಚೆ ಹೋದ್ರು. ಸಂಘ ಮುಗದ ಹೋಗಬೇಕಿತ್ತು. ವೀಡಾ ಸಂಘದ ಸುದ್ದಿ ಪತ್ರಿಕಾ ನಿಲ್ಲಿಸಲಿಲ್ಲ. ಯಾರು ಎಲ್ಲಿದಾರ, ಯಾರ ಗಾಡಿ ಏನಾಗೇದ, ಎಲ್ಲಾ ಬರದು ಸೈನ್ಯದಾಗಿದ್ದ ಹುಡುಗೂರಿಗೆ ಕಳಿಸ್ತಿದ್ಳು. ಯುದ್ಧ ಮುಗದ ಮ್ಯಾಲೆ 1946ಕ್ಕ ಕೆರಿ ಓಟದ ಫೋಟೋಗಳ ಒಂದು ಪುಸ್ತಕನೂ ತಂದ್ಳು. ಇಂಜಿನ್ ತಿದ್ದಿದ ಗಂಡಸರ ಹೆಸರಿನ ಮ್ಯಾಲೆ ಕಾರ್ಬುರೇಟರು, ಮ್ಯಾನಿಫೋಲ್ಡು ಅವ. ಸಂಘ ಉಳಿಸಿದಾಕಿ ಹೆಸರಿನ ಮ್ಯಾಲೆ ಏನೂ ಇಲ್ಲ. ಅಷ್ಟ ಹೇಳಿ ಮುಂದ ಹೋಗ್ತೀನಿ.

ತಿರುಗಿ ಬಂದ ಹುಡುಗೂರ ಕೈಯಾಗ ಒಂದಿಷ್ಟು ರೊಕ್ಕ ಇತ್ತು, ಸೈನ್ಯದಾಗ ಕಲ್ತ ವೆಲ್ಡಿಂಗ್ ಇತ್ತು. 1948ರ ಜನವರಿಯೊಳಗ ರಾಬರ್ಟ್ ಪೀಟರ್ಸನ್ "ಹಾಟ್ ರಾಡ್" ಪತ್ರಿಕಾ ಸುರು ಮಾಡಿದ. 1949ಕ್ಕ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಾಗ ಓಟ ನಡೀತು. ರಸ್ತೆದಾಗ ರೇಸ್ ಬ್ಯಾಡ, ಸರಿಯಾದ ಜಾಗಾದಾಗ ಓಡಸ್ರಿ ಅಂತ ವಾಲಿ ಪಾರ್ಕ್ಸ್ 1951ಕ್ಕ ಎನ್‌ಎಚ್‌ಆರ್‌ಎ ಕಟ್ಟಿದ. ಪೊಮೋನಾದಾಗ ಅವನ ಹೆಸರಿಂದು ಒಂದು ಮ್ಯೂಸಿಯಮ್ ಅದ, ಮಗಳು ಕರಕೊಂಡು ಹೋಗಿದ್ಳು. ಕಾಲು ನೋವು ಬಂದ್ರೂ ಪೂರಾ ನೋಡಿದೆ.

1955ರೊಳಗ ಶೆವರ್ಲೆಯವರು ಹೊಸಾ ವಿ-8 ತಂದ್ರು. 162 ಹಾರ್ಸ್ ಪವರ್. ಹುಡುಗೂರು ಹಳೇ ಫೋರ್ಡ್ ಇಂಜಿನ್ ಕಿತ್ತು ಇದನ್ನ ಕೂಡಿಸಲಿಕ್ಕೆ ಹತ್ತಿದ್ರು, ಒಬ್ಬರೂ ಅಳಲಿಲ್ಲ. 1964ಕ್ಕ ಪಾಂಟಿಯಾಕ್ ಜಿಟಿಒ ಬಂತು. ಜೋರು ಓಡೋ ಗಾಡಿ ಸೀದಾ ಶೋರೂಮಿನಾಗ ಸಿಗೂವಂಗಾತು. ಕೈಯಾರೆ ಕಟ್ಟೋ ಗರಜು ಎಲ್ಲೀದು? ಭಾಳ ಮಂದಿ ಸಂಪ್ರದಾಯದ ಗಡಿ 1960ರ ದಶಕದ ನಡುವ ಎಳಿಯೋದು ಇದಕ್ಕ ಇರಬೇಕು.

ಆಮ್ಯಾಲೆ ಬಂದವು ಸ್ಟ್ರೀಟ್ ರಾಡ್. 1970ಕ್ಕ ಇಲಿನಾಯ್ ರಾಜ್ಯದ ಪಿಯೋರಿಯಾದಾಗ ಅವರ ಮೊದಲನೇ ದೊಡ್ಡ ಮೇಳಾ ಆತು. ನೋಡಲಿಕ್ಕೆ ಹಳೇ ಫೋರ್ಡ್, ಒಳಗ ಫೈಬರಿನ ಮೈ, ಏಸಿ, ತಾನ ಬದಲಾಗೋ ಗೇರು. ಇದಕ್ಕ ಬ್ಯಾಸತ್ತವರು ತಿರುಗಿ ಹಳೇ ಪದ್ಧತಿಗೆ ಹೋದ್ರು. 1997ರೊಳಗ ಪೆಬಲ್ ಬೀಚ್ ಶ್ರೀಮಂತರ ಗಾಡಿ ಮೇಳಾದಾಗ ಮೊದಲನೇ ಸಲ ಹಾಟ್ ರಾಡ್‌ಗೆ ಜಾಗಾ ಕೊಟ್ರು, ಡೋನ್ ಸ್ಪೆನ್ಸರ್ 1940ರ ದಶಕದಾಗ ತಿದ್ದಿದ ಫೋರ್ಡ್‌ಗೆ ಬಹುಮಾನ ಬಂತು. ಗುಜರಿ ಸಾಮಾನಿಂದ ಹುಟ್ಟಿದ್ದು ರೇಷ್ಮಿ ಸಾಲಿನಾಗ ಕುಂತಂಗಾತು. ಇನ್ನ ಕೆಲವರು ಮೈಗೆ ಬೇಕಂತ ಜಂಗು ಹಿಡಿಸಿ "ಇದು ಹಳೇದು" ಅಂತ ತಿರುಗಿಸ್ತಾರ. ನನಗ ಅದು ಸೇರೂದಿಲ್ಲ. ಆ ಹುಡುಗೂರು ಬಡವರಿದ್ರು, ಹೊಲಸು ಇರಲಿಲ್ಲ.

ಮಗಳ ಮಗ್ಗಲ ಮನಿ ಹಿರ್ಯಾಕಿ ಹತ್ರ ಇಂಥಾದೊಂದು 1932ರ ಗಾಡಿ ಅದ. ಯುದ್ಧದಿಂದ ಬಂದ ಮ್ಯಾಲೆ ಅವರ ಅಪ್ಪ ಕಟ್ಟಿದ್ದು. ಮಗ ಅಂತಾನ, "ಹೊಸಾ ಇಂಜಿನ್, ಏಸಿ ಹಾಕೋಣ, ಹುಡುಗೂರನ್ನ ಕೂಡಿಸಿಕೊಂಡು ದಿನಾ ಓಡಸ್ತೀನಿ, ಇಲ್ಲಾಂದ್ರ ಶೆಡ್ಡಿನಾಗ ಸಾಯ್ತದ." ಕ್ಲಬ್ಬಿನವರು, ಒಂದು ಮೊಳಿನೂ ಮುಟ್ಟಬ್ಯಾಡ್ರಿ ಅಂತಾರ. ಮಗಂದು ಗಟ್ಟಿ ವಾದ: ಅಜ್ಜ ಇದ್ದಿದ್ರ ಹೊಸದು ಸಿಕ್ಕ ಕೂಡ್ಲೆ ತಾನ ಹಾಕ್ತಿದ್ದ. ಖರೇ. ಸ್ವಂತ ಕೈಯಿಂದ ಮಾಡಿದ್ದ ಸಂಪ್ರದಾಯ ಅನ್ನಲಿಕ್ಕೂ ಬರೂದಿಲ್ಲ, ಎಡೆಲ್‌ಬ್ರಾಕ್‌ನಂಥವರು ಆಗನ ಸಾಮಾನು ಮಾಡಿ ಅಂಗಡಿಯೊಳಗ ಮಾರ್ತಿದ್ರು.

ಹಿರ್ಯಾಕಿ ನನ್ನ ಕೇಳಿದ್ರು, ಮಗಳು ಮಾತು ತಿರುಗಿಸಿ ಹೇಳಿದ್ಳು. ನಾ ಅಂದದ್ದು ಇಷ್ಟ. ಹೊಸಾದಾಗಿ ಕಟ್ಟೋ ಗಾಡಿ ಇದ್ರ ನಿಮ್ಮ ಮಗ ಏನರ ಹಾಕಲಿ, ಕಾರಣ ಇದ್ರ ಸಾಕು. ಆದ್ರ ಇದರ ಒಂದೊಂದು ವೆಲ್ಡಿಂಗೂ ನಿಮ್ಮ ಅಪ್ಪ ಆವತ್ತು ಏನು ವಿಚಾರ ಮಾಡಿದ್ರು ಅನ್ನೋದರ ಗುರುತು. ಕಿತ್ತು ಒಗದ್ರ ಅವರ ಕೈ ಬರಹ ಅಳಿಸಿದಂಗ. ಮಗಗ ಅಷ್ಟು ಹುರುಪು ಇದ್ರ ಗುಜರಿಯೊಳಗ ಹುಡುಕಿ ತನ್ನದೊಂದು ಕಟ್ಟಲಿ, ಅಜ್ಜ ಮಾಡಿದಂಗ.

ಈಗ ಅವರು ಹಳೇ ಇಂಜಿನ್ನನ್ನ ಬಿಚ್ಚಿಸಿ, ತಿದ್ದಿಸಿ, ತಿರುಗಿ ಅದನ್ನ ಕೂಡಿಸ್ಯಾರಂತ. ಮಗ ತಿಂಗಳಾ ಸಿಟ್ಟಿನಾಗಿದ್ದ, ಆಮ್ಯಾಲೆ ತಾನ ಓಡಸ್ಲಿಕ್ಕೆ ಸುರು ಮಾಡ್ಯಾನ. ಗುಡ್ಡದ ಏರಿನಾಗ ಇನ್ನೂ ಕಾಯ್ತದಂತ. ಸೀಟಿನ ಹಿಂದ ಎರಡು ಕ್ಯಾನ್ ನೀರು ಇಟ್ಕೊಂಡ ಹೋಗ್ತಾರಂತ.